ಮಕ್ಕಳ ಎದುರು ತೂಕದ ಮಾತು ನಿಲ್ಲಿಸುವುದು ಹೇಗೆ?

ಸಂಜೆಮಲ್ಲಿಗೆ

ಇಲ್ಲಿ ಮಕ್ಕಳನ್ನು ಬೆಳೆಸಿದವರು ತುಂಬಾ ಜನ ಇದ್ದೀರಿ, ಅದಕ್ಕೇ ಕೇಳುತ್ತಿದ್ದೇನೆ.

ನಮ್ಮ ಮನೆಗೆ ಯಾರೇ ಬಂದರೂ ಮೊದಲ ಮಾತು ಮೈ ಬಗ್ಗೆ. "ಏನೇ, ದಪ್ಪ ಆಗಿಬಿಟ್ಟಿದ್ದೀಯಲ್ಲ?" ಇಲ್ಲವೇ "ಯಾಕೆ ಹೀಗೆ ಸೊರಗಿದ್ದೀಯ?" ಚೆನ್ನಾಗಿದ್ದೀಯಾ ಅಂತ ಕೇಳುವುದು ಆಮೇಲೆ. ಯಾರ ಮನಸ್ಸಿನಲ್ಲೂ ಕೆಟ್ಟದ್ದಿಲ್ಲ. ಎಲ್ಲರಿಗೂ ನನ್ನ ಮಗಳೆಂದರೆ ಪ್ರಾಣ. ಆದರೆ ಅವಳಿಗೀಗ ಹನ್ನೊಂದು ವರ್ಷ, ಎಲ್ಲವೂ ಅರ್ಥವಾಗುತ್ತದೆ. ಎರಡನೇ ಸಲ ಬಡಿಸಿಕೊಳ್ಳುವ ಮೊದಲು ಸುತ್ತ ಒಮ್ಮೆ ನೋಡುತ್ತಾಳೆ. ಫೋಟೋ ತೆಗೆಯುವಾಗ ದಿಂಬು ಎಳೆದು ತೊಡೆಯ ಮೇಲಿಟ್ಟುಕೊಳ್ಳುತ್ತಾಳೆ. ಜನ ಇರುವ ಕೋಣೆಗೆ ಬರುವ ಮೊದಲು ಟೀ ಶರ್ಟನ್ನು ಹೊಟ್ಟೆಯ ಹತ್ತಿರ ಎರಡು ಬೆರಳಲ್ಲಿ ಹಿಡಿದು ಮುಂದಕ್ಕೆ ಎಳೆದು ಬಿಡುತ್ತಾಳೆ, ಬಟ್ಟೆ ಮೈಗೆ ಅಂಟಬಾರದು ಅಂತ. ಇದನ್ನು ಅವಳಿಗೆ ಯಾರೂ ಹೇಳಿಕೊಟ್ಟಿಲ್ಲ.

"ನೀನು ದಪ್ಪ ಇಲ್ಲ ಕಂದಾ" ಅಂತ ಸಮಾಧಾನ ಮಾಡಬೇಕೋ, ಹಿರಿಯರ ಜೊತೆ ಜಗಳಕ್ಕೆ ನಿಲ್ಲಬೇಕೋ, ನಿಜವಾಗಿಯೂ ಅವಳ ಊಟದ ಮೇಲೆ ಕಣ್ಣಿಡಬೇಕೋ, ಒಂದೂ ತಿಳಿಯುತ್ತಿಲ್ಲ. ನೀವೆಲ್ಲ ಏನು ಮಾಡಿದಿರಿ?

ಹೊಂಗೆನೆರಳು

ಸಂಜೆಮಲ್ಲಿಗೆ, ಆ ದಿಂಬಿನ ವಿಷಯ ಓದಿ ಎದೆ ಹಿಂಡಿದಂತಾಯಿತು. ಎಷ್ಟು ಮನೆಗಳ ಆಲ್ಬಮ್‌ನಲ್ಲಿ ಆ ದಿಂಬು ಇದೆಯೋ.

ಹಿರಿಯರ ಜೊತೆ ಜಗಳ ಬೇಡ, ಭಾಷಣವೂ ಬೇಡ. ಒಬ್ಬೊಬ್ಬರನ್ನೇ ಪಕ್ಕಕ್ಕೆ ಕರೆದು ಒಂದೇ ಮಾತು ಹೇಳಿ: "ಅವಳ ಮೈ ಬಗ್ಗೆ, ತಟ್ಟೆ ಬಗ್ಗೆ ಅವಳ ಎದುರು ಏನೂ ಅನ್ನಬೇಡಿ. ಹೊಗಳಿಕೆಯೂ ಬೇಡ." ಕೊನೆಯದನ್ನು ಬಿಡಬೇಡಿ. "ಈಗ ಸ್ವಲ್ಪ ಇಳಿದಿದ್ದೀಯ, ಚೆನ್ನಾಗಿ ಕಾಣ್ತೀಯ" ಅಂದರೆ ಮಗು ಲೆಕ್ಕ ಹಾಕುತ್ತದೆ: ಹಾಗಾದರೆ ಇಷ್ಟು ದಿನ ಚೆನ್ನಾಗಿರಲಿಲ್ಲ, ಮತ್ತೆ ಏರಿದರೆ ಚೆನ್ನಾಗಿರುವುದಿಲ್ಲ.

ಇನ್ನೊಂದು. ಮಕ್ಕಳು, ನಾವು ಅವರಿಗೆ ಹೇಳಿದ್ದಕ್ಕಿಂತ ನಮ್ಮ ಬಗ್ಗೆ ನಾವೇ ಹೇಳಿಕೊಂಡಿದ್ದನ್ನು ಜಾಸ್ತಿ ಕೇಳಿಸಿಕೊಳ್ಳುತ್ತಾರೆ. ಕನ್ನಡಿ ಮುಂದೆ ನಿಂತು ನಮ್ಮ ಹೊಟ್ಟೆಯನ್ನೇ ನಾವು ಬೈದುಕೊಳ್ಳುವುದು, "ಇವತ್ತು ಜಾಸ್ತಿ ತಿಂದೆ, ನಾಳೆ ಉಪವಾಸ" ಅನ್ನುವುದು, ಇದೆಲ್ಲ ಮನೆಯ ಗಾಳಿಯಲ್ಲೇ ಬೆರೆತಿರುತ್ತದೆ.

ನೇರಮಾತು

ಕ್ಷಮಿಸಿ, ನನ್ನದು ಬೇರೆ ಅಭಿಪ್ರಾಯ. ಮಗುವಿಗೆ ನೋವಾಗಬಾರದು, ಒಪ್ಪಿದೆ. ಆದರೆ ಶುಗರ್, ಬಿಪಿ, ಮಂಡಿನೋವು, ಇವೆಲ್ಲ ಸುಳ್ಳಾ? ನಮ್ಮ ಕುಟುಂಬದಲ್ಲಿ ಶುಗರ್‌ನಿಂದ ಕಾಲು ಕಳೆದುಕೊಂಡವರಿದ್ದಾರೆ. ಎಲ್ಲರೂ ಸುಮ್ಮನಿದ್ದುಬಿಟ್ಟರೆ ಹೇಳುವವರು ಯಾರು? ಕಾಳಜಿ ಇರುವುದಕ್ಕೇ ತಾನೇ ಹೇಳುವುದು?

ಅಂಕಿಅಂಶ

ನೇರಮಾತು ಅವರೇ, ನಿಮ್ಮ ಭಯ ನ್ಯಾಯವಾದದ್ದೇ. ತೂಕ ತುಂಬಾ ಹೆಚ್ಚಿದಾಗ ಟೈಪ್ 2 ಡಯಾಬಿಟಿಸ್, ಮಂಡಿ ಸವೆತ, ನಿದ್ರೆಯಲ್ಲಿ ಉಸಿರು ಕಟ್ಟುವುದು, ಇವುಗಳ ಸಾಧ್ಯತೆ ಹೆಚ್ಚುತ್ತದೆ. ಅದನ್ನು ಯಾರೂ ಅಲ್ಲಗಳೆಯುವುದಿಲ್ಲ. ಪ್ರಶ್ನೆ ಇಷ್ಟೇ: ಆಡಿಕೊಂಡರೆ, ಚುಚ್ಚಿದರೆ ಅದು ಕಡಿಮೆಯಾಗುತ್ತದಾ? ಇಲ್ಲ. ತೂಕದ ವಿಷಯಕ್ಕೆ ಗೇಲಿಗೆ ಒಳಗಾದ ಮಕ್ಕಳಲ್ಲಿ ಕದ್ದು ತಿನ್ನುವುದು, ಒಮ್ಮೆಲೇ ಮಿತಿಮೀರಿ ತಿನ್ನುವುದು, ಮುಂದೆ ಇನ್ನೂ ತೂಕ ಏರುವುದು ಹೆಚ್ಚು ಅಂತ ಮತ್ತೆ ಮತ್ತೆ ಕಂಡುಬಂದಿದೆ. ಅಂದರೆ ಆ ಮಾತು ಯಾವ ಕಾಯಿಲೆಯನ್ನು ತಡೆಯಲಿ ಅಂತ ಆಡುತ್ತೇವೋ, ಅದೇ ದಾರಿಗೆ ಮಗುವನ್ನು ತಳ್ಳುತ್ತದೆ.

ಇದಕ್ಕೆ ಕಾರಣ ಮೈಯೊಳಗೇ ಇದೆ. ಸ್ವಲ್ಪ ಉದ್ದ ಬರೆಯುತ್ತೇನೆ, ತಾಳ್ಮೆಯಿಂದ ಓದಿ.

ಎರಡನೇ ಮಹಾಯುದ್ಧದ ಕೊನೆಯ ಹೊತ್ತು, 1944. ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಆರೋಗ್ಯವಂತ ಯುವಕರ ಮೇಲೆ ಹಸಿವಿನ ಪ್ರಯೋಗ ಶುರು ಮಾಡಿದರು. ಯುದ್ಧದಲ್ಲಿ ಬಂದೂಕು ಹಿಡಿಯಲು ಒಪ್ಪದ ಯುವಕರು ಅವರು, ತಾವಾಗಿಯೇ ಮುಂದೆ ಬಂದವರು. ಬರಗಾಲದಿಂದ ಬಳಲಿದ ಜನರಿಗೆ ಮತ್ತೆ ಊಟ ಕೊಡುವುದು ಹೇಗೆ ಅಂತ ತಿಳಿಯುವುದು ಉದ್ದೇಶ. 24 ವಾರ ದಿನಕ್ಕೆ ಸುಮಾರು 1,570 ಕ್ಯಾಲೊರಿ ಕೊಟ್ಟರು. ತೂಕ ಕಾಲುಭಾಗದಷ್ಟು ಇಳಿಯಿತು. ಜೊತೆಗೆ ಬೇರೆಯದೂ ಆಯಿತು. ಅವರಿಗೆ ಊಟ ಬಿಟ್ಟು ಬೇರೆ ಯೋಚನೆಯೇ ಬರದಂತಾಯಿತು. ಅಡುಗೆ ಪುಸ್ತಕ ಕೂಡಿಡತೊಡಗಿದರು. ತಟ್ಟೆ ನೆಕ್ಕಿದರು. ಯಾವಾಗಲೂ ಚಳಿ, ಸಿಡುಕು, ಮಂಕು. ಪ್ರಯೋಗ ಮುಗಿದು ಬೇಕಾದಷ್ಟು ಊಟ ಸಿಕ್ಕ ಮೇಲೂ ಕೆಲವರಿಗೆ ಎಷ್ಟು ತಿಂದರೂ ಹೊಟ್ಟೆ ತುಂಬಿದಂತೆ ಅನ್ನಿಸಲಿಲ್ಲ.

1,570 ಅನ್ನುವ ಆ ಸಂಖ್ಯೆಯನ್ನು ನೆನಪಿಡಿ. ಇವತ್ತು ಫೋನಿನಲ್ಲಿ ಹರಿದಾಡುವ ಎಷ್ಟೋ ಡಯಟ್ ಪಟ್ಟಿಗಳು ಅದಕ್ಕಿಂತ ಕಡಿಮೆ ಹೇಳುತ್ತವೆ. ಡಯಟ್ ಬಿಟ್ಟವರಿಗೆ "ನಿನಗೆ ಮನಸ್ಸು ಗಟ್ಟಿ ಇಲ್ಲ" ಅನ್ನುತ್ತೇವೆ. ಆ ಯುವಕರಿಗೆ ಏನು ಮನಸ್ಸು ಗಟ್ಟಿ ಇರಲಿಲ್ಲವಾ?

ಆಮೇಲೆ ಒಳಗಿನ ಯಂತ್ರವೂ ಗೊತ್ತಾಯಿತು. 1994ರಲ್ಲಿ ಲೆಪ್ಟಿನ್ ಸಿಕ್ಕಿತು, ಕೊಬ್ಬಿನ ಕೋಶಗಳೇ ಮೆದುಳಿಗೆ ಕಳಿಸುವ ಹಾರ್ಮೋನು. 1999ರಲ್ಲಿ ಹಸಿವು ಕೆರಳಿಸುವ ಗ್ರೆಲಿನ್ ಸಿಕ್ಕಿತು. 2011ರಲ್ಲಿ ಆಸ್ಟ್ರೇಲಿಯಾದ ಅಧ್ಯಯನವೊಂದು ತೂಕ ಇಳಿಸಿಕೊಂಡವರನ್ನು ಒಂದು ವರ್ಷದ ಬಳಿಕ ಪರೀಕ್ಷಿಸಿತು. ಹಸಿವಿನ ಹಾರ್ಮೋನುಗಳು ಆಗಲೂ ಮೊದಲಿನ ಮಟ್ಟಕ್ಕೆ ಬಂದಿರಲಿಲ್ಲ, ಮೈ ಇನ್ನೂ "ತಿನ್ನು" ಅಂತಲೇ ಹೇಳುತ್ತಿತ್ತು. 2016ರ ಇನ್ನೊಂದು ಅಧ್ಯಯನ ಅಮೆರಿಕದ ತೂಕ ಇಳಿಸುವ ಟಿವಿ ಸ್ಪರ್ಧೆಯೊಂದರ 14 ಜನರನ್ನು ಆರು ವರ್ಷದ ಬಳಿಕ ನೋಡಿತು. ಇಳಿದ ತೂಕದಲ್ಲಿ ಹೆಚ್ಚಿನ ಪಾಲು ವಾಪಸ್ ಬಂದಿತ್ತು. ಸುಮ್ಮನೆ ಕೂತಾಗ ಅವರ ಮೈ ಉರಿಸುತ್ತಿದ್ದದ್ದು, ಆ ಗಾತ್ರದ ಮೈಗೆ ಇರಬೇಕಾದ್ದಕ್ಕಿಂತ ದಿನಕ್ಕೆ ಸುಮಾರು 500 ಕ್ಯಾಲೊರಿ ಕಡಿಮೆ.

ನೇರಮಾತು

ಓದಿದೆ. ಆದರೂ ತಿಂದದ್ದು ಕಡಿಮೆ, ಖರ್ಚು ಜಾಸ್ತಿ ಆದರೆ ತೂಕ ಇಳಿಯಲೇಬೇಕು. ಇದು ಭೌತಶಾಸ್ತ್ರ. ಬಿಎಂಐ ನೋಡಿದರೆ ಯಾರು ಆರೋಗ್ಯವಾಗಿದ್ದಾರೆ ಅಂತ ಗೊತ್ತಾಗುತ್ತದೆ, ಅಲ್ವಾ?

ಅಂಕಿಅಂಶ

ಲೆಕ್ಕ ಸರಿ. ಆದರೆ ಲೆಕ್ಕದ ಎರಡೂ ಕಡೆ ನಮ್ಮ ಕೈಯಲ್ಲಿಲ್ಲ. ಊಟ ಕಡಿಮೆ ಮಾಡಿದ ಕೂಡಲೇ ಮೈ ಖರ್ಚನ್ನೂ ಕಡಿಮೆ ಮಾಡುತ್ತದೆ, ಹಸಿವನ್ನು ಹೆಚ್ಚು ಮಾಡುತ್ತದೆ. ಮೈಗಾತ್ರದಲ್ಲಿ ಹುಟ್ಟಿನ ಪಾಲೂ ದೊಡ್ಡದು. 1986ರಲ್ಲಿ ಡೆನ್ಮಾರ್ಕಿನ ದತ್ತುಮಕ್ಕಳ ಮೇಲೆ ಒಂದು ಅಧ್ಯಯನ ಬಂತು. ಬೆಳೆದ ಮೇಲೆ ಅವರ ಮೈಗಾತ್ರ ಹೆತ್ತವರ ಗಾತ್ರಕ್ಕೆ ಹೊಂದುತ್ತಿತ್ತು, ಸಾಕಿದವರ ಗಾತ್ರಕ್ಕೆ ಸಂಬಂಧವೇ ಕಾಣಲಿಲ್ಲ. ಒಂದೇ ಅಡುಗೆಮನೆಯ ಊಟ ತಿಂದು ಬೆಳೆದರೂ!

ಬಿಎಂಐ ವಿಷಯ. ತೂಕವನ್ನು ಎತ್ತರದ ವರ್ಗದಿಂದ ಭಾಗಿಸುವ ಆ ಸೂತ್ರ ಡಾಕ್ಟರುಗಳದ್ದಲ್ಲ. 1830ರ ದಶಕದಲ್ಲಿ ಬೆಲ್ಜಿಯಂನ ಅಡಾಲ್ಫ್ ಕೆಟ್ಲೆ ಅನ್ನುವ ಗಣಿತಜ್ಞ "ಸರಾಸರಿ ಮನುಷ್ಯ" ಹೇಗಿರುತ್ತಾನೆ ಅಂತ ಹುಡುಕುತ್ತಾ ಮಾಡಿದ್ದು. ಒಬ್ಬೊಬ್ಬರ ಆರೋಗ್ಯ ಅಳೆಯುವುದು ಅವನ ಉದ್ದೇಶವೇ ಆಗಿರಲಿಲ್ಲ. ಅದಕ್ಕೆ ಬಿಎಂಐ ಅಂತ ಹೆಸರು ಬಂದದ್ದು 1972ರಲ್ಲಿ. ಹೆಸರಿಟ್ಟವರು ಅದೇ ಆನ್ಸೆಲ್ ಕೀಸ್. ಗೆರೆ ಕೂಡ ಕದಲುತ್ತಲೇ ಇದೆ. 1998ರಲ್ಲಿ ಅಮೆರಿಕ "ಹೆಚ್ಚು ತೂಕ" ಅನ್ನುವ ಗೆರೆಯನ್ನು 27ರ ಮೇಲಿಂದ 25ಕ್ಕೆ ಇಳಿಸಿತು. ಅಲ್ಲಿನ ಕೋಟ್ಯಂತರ ಜನ ಒಂದು ಗ್ರಾಂ ಕೂಡ ಏರದೆ ಮರುದಿನ "ಹೆಚ್ಚು ತೂಕದವರು" ಆದರು. 2004ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು ಏಷ್ಯಾದವರಿಗೆ 23ರಿಂದಲೇ ಎಚ್ಚರ ಬೇಕು ಅಂದರು, ಯಾಕೆಂದರೆ ಅದೇ ಬಿಎಂಐಗೆ ಇಲ್ಲಿನವರಲ್ಲಿ ಶುಗರ್ ಬೇಗ ಬರುತ್ತದೆ. ಇದು ಎರಡೂ ಕಡೆ ಕೊಯ್ಯುವ ಮಾತು: ತೆಳ್ಳಗೆ ಕಾಣುವವರೂ ನಿಶ್ಚಿಂತೆಯಿಂದ ಇರುವಂತಿಲ್ಲ. 2025ರ ಜನವರಿಯಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗ ಕೂಡ ಬಿಎಂಐ ಒಂದನ್ನೇ ನೋಡಿ ಕಾಯಿಲೆ ಅಂತ ತೀರ್ಮಾನಿಸಬೇಡಿ, ಸೊಂಟದ ಸುತ್ತಳತೆ ನೋಡಿ, ಅಂಗಾಂಗಗಳು ಹೇಗೆ ಕೆಲಸ ಮಾಡುತ್ತಿವೆ ನೋಡಿ ಅಂತ ಹೇಳಿತು.

ರಕ್ತ ಪರೀಕ್ಷೆ ಮಾಡಿಸಿ, ಬಿಪಿ ನೋಡಿಸಿ. ಎದುರು ಕೂತವರ ಹೊಟ್ಟೆ ನೋಡಿ ಕಾಯಿಲೆ ಹೇಳುವುದು ಬೇಡ.

ವಾರ್ಡ್_ಸಿಸ್ಟರ್

ಬಿಪಿ ಅಂದಿರಿ, ಹಾಗಾಗಿ ನಾನು ಬರೆಯಲೇಬೇಕು. ತುಂಬಾ ವರ್ಷದಿಂದ ನರ್ಸ್ ಕೆಲಸದಲ್ಲಿದ್ದೇನೆ.

ಬಿಪಿ ನೋಡುವಾಗ ತೋಳಿಗೆ ಸುತ್ತುವ ಪಟ್ಟಿಗೂ ಸೈಜ್ ಇದೆ, ಎಷ್ಟೋ ಜನರಿಗೆ ಇದು ಗೊತ್ತಿಲ್ಲ. ಒಳಗಿನ ಗಾಳಿಚೀಲ ತೋಳಿನ ಸುತ್ತಳತೆಯ ಶೇಕಡ 80ರಷ್ಟನ್ನಾದರೂ ಸುತ್ತಬೇಕು. ದಪ್ಪ ತೋಳಿಗೆ ಸಾಮಾನ್ಯ ಪಟ್ಟಿಯನ್ನೇ ಬಿಗಿದರೆ ಬಿಪಿ ಇಲ್ಲದಿದ್ದರೂ ಇದೆ ಅಂತ ತೋರಿಸುತ್ತದೆ. 2023ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಅತಿ ದೊಡ್ಡ ಪಟ್ಟಿ ಬೇಕಿದ್ದವರಿಗೆ ಸಾಮಾನ್ಯ ಪಟ್ಟಿ ಹಾಕಿದಾಗ ಮೇಲಿನ ಬಿಪಿ ಸುಮಾರು 20 ಅಂಕ ಹೆಚ್ಚು ಬಂತು. 20 ಅಂಕ ಅಂದರೆ ಬೇಡದ ಮಾತ್ರೆ ಶುರುವಾಗಲು ಸಾಕು.

ನಾನು ದಿನಾ ಕಣ್ಣಾರೆ ನೋಡುವುದು ಇದನ್ನು. ಪಟ್ಟಿಯ ಅಂಟು ಪರ್ ಅಂತ ಬಿಚ್ಚಿಕೊಳ್ಳುತ್ತದೆ. ಮತ್ತೆ ಬಿಗಿಯುತ್ತಾರೆ, ಮತ್ತೆ ಬಿಚ್ಚಿಕೊಳ್ಳುತ್ತದೆ. ಆಗ ರೋಗಿಯೇ "ಸಾರಿ ಸಿಸ್ಟರ್" ಅನ್ನುತ್ತಾರೆ. ದೊಡ್ಡ ಪಟ್ಟಿ ತರಿಸಿಡದ ನಾವು ಹೇಳಬೇಕಾದ ಮಾತನ್ನು ಅವರು ಹೇಳುತ್ತಾರೆ. ಅಷ್ಟು ಹೊತ್ತಿಗೆ ಅವರ ಎದೆ ಹೊಡೆದುಕೊಳ್ಳುತ್ತಿರುತ್ತದೆ, ಬಿಪಿ ಇನ್ನೂ ಏರುತ್ತದೆ.

ದಯವಿಟ್ಟು ಕೇಳಿ: "ದೊಡ್ಡ ಪಟ್ಟಿ ಇದೆಯಾ?" ನಾಚಿಕೆ ಪಡುವಂಥದ್ದು ಏನೂ ಇಲ್ಲ.

ಇನ್ನೊಂದು ಮಾತು ನೇರಮಾತು ಅವರಿಗೆ. ಕೆಮ್ಮು ಅಂತ ಬಂದರೂ, ಬೆನ್ನುನೋವು ಅಂತ ಬಂದರೂ "ತೂಕ ಇಳಿಸಿ" ಅಂತ ಕಳಿಸಿದರೆ, ಆ ಮನುಷ್ಯ ಮುಂದಿನ ಸಲ ಬರುವುದೇ ಇಲ್ಲ. ಗಂಟು ಕಂಡರೂ ಬರುವುದಿಲ್ಲ, ರಕ್ತ ಕಂಡರೂ ಬರುವುದಿಲ್ಲ. ಬರುವ ಹೊತ್ತಿಗೆ ತಡವಾಗಿರುತ್ತದೆ. ಕಾಳಜಿಯ ಮಾತಿನಿಂದ ಆಗುವ ನಿಜವಾದ ನಷ್ಟ ಇದು.

ಮೌನರಾಗ

ನಾನು ಇಲ್ಲಿ ಬರೆಯುವುದು ಕಡಿಮೆ. ಸಿಸ್ಟರ್ ಮಾತು ಓದಿ ಹೇಳಬೇಕು ಅನ್ನಿಸಿತು.

ಅಮ್ಮ ತೀರಿಹೋದ ಮೇಲೆ ನನ್ನ ತೂಕ ಸರಸರ ಇಳಿಯಿತು. ಕೈ ನಡುಗುತ್ತಿತ್ತು, ರಾತ್ರಿ ಎದೆ ಡವಡವ ಅನ್ನುತ್ತಿತ್ತು, ಎಲ್ಲರಿಗೂ ಚಳಿಯಾದರೆ ನನಗೆ ಬೆವರು. ದುಃಖಕ್ಕೆ ಹೀಗಾಗುತ್ತದೆ ಅಂದುಕೊಂಡೆ. ಆಫೀಸಿನಲ್ಲಿ ಒಬ್ಬರಾದರೂ ಹೇಗಿದ್ದೀರಿ ಅಂತ ಕೇಳಲಿಲ್ಲ. "ಸೂಪರ್ ಮೇಡಂ, ಯಾವ ಡಯಟ್? ನಮಗೂ ಹೇಳಿ" ಅಂತಲೇ ಎಲ್ಲರೂ. ಕೊನೆಗೆ ಪರೀಕ್ಷೆ ಮಾಡಿಸಿದಾಗ ಥೈರಾಯ್ಡ್ ಮಿತಿಮೀರಿ ಕೆಲಸ ಮಾಡುತ್ತಿದೆ ಅಂತ ಗೊತ್ತಾಯಿತು.

ಮಾತ್ರೆ ಶುರುವಾಯಿತು, ಗುಣವಾಯಿತು, ತೂಕ ವಾಪಸ್ ಬಂತು. ಆಗ ಅದೇ ಜನ, "ಅಯ್ಯೋ, ಅಷ್ಟು ಕಷ್ಟಪಟ್ಟು ಇಳಿಸಿದ್ದಿರಿ, ಎಲ್ಲ ಹಾಳು ಮಾಡಿಕೊಂಡಿರಲ್ಲ."

ನನಗೆ ಕಾಯಿಲೆ ಇದ್ದಾಗ ಸಿಕ್ಕಷ್ಟು ಹೊಗಳಿಕೆ ಜೀವನದಲ್ಲಿ ಬೇರೆ ಯಾವುದಕ್ಕೂ ಸಿಕ್ಕಿಲ್ಲ.

ಹೊಂಗೆನೆರಳು

ಮೌನರಾಗ, ಬರೆದದ್ದು ಒಳ್ಳೆಯದಾಯಿತು. ಯಾರಾದರೂ ಇದ್ದಕ್ಕಿದ್ದಂತೆ ಇಳಿದಿದ್ದರೆ "ಆರಾಮಾಗಿದ್ದೀರಾ?" ಅಂತ ಮಾತ್ರ ಕೇಳಿದರೆ ಸಾಕು.

ಕಡ್ಡಿಮನುಷ್ಯ

ಸ್ಕೂಲಿನಲ್ಲಿ ನನ್ನನ್ನು ಕರೆಯುತ್ತಿದ್ದ ಹೆಸರನ್ನೇ ಇಲ್ಲಿ ಇಟ್ಟುಕೊಂಡಿದ್ದೇನೆ. ತೆಳ್ಳಗಿರುವವರಿಗೂ ಮಾತು ತಪ್ಪಿದ್ದಲ್ಲ. "ಗಾಳಿ ಬಂದರೆ ಹಾರಿಹೋಗ್ತೀಯ", "ಮನೆಯಲ್ಲಿ ಊಟ ಹಾಕಲ್ವಾ?" ಇವೆಲ್ಲ ಕೇಳಿ ಬೆಳೆದವನು ನಾನು. ಅರ್ಧ ತೋಳಿನ ಅಂಗಿ ಇವತ್ತಿಗೂ ಹಾಕುವುದಿಲ್ಲ.

ಆದರೂ ಒಂದು ವ್ಯತ್ಯಾಸ ಹೇಳಲೇಬೇಕು. ನನ್ನನ್ನು ಆಡಿಕೊಂಡರು ನಿಜ. ಆದರೆ ನನ್ನ ಮೈ ನೋಡಿ ಯಾರೂ ಸೋಮಾರಿ ಅನ್ನಲಿಲ್ಲ. ಕುರ್ಚಿ ತಡೆಯುತ್ತದೋ ಇಲ್ಲವೋ ಅಂತ ನಾನು ಯೋಚಿಸಿಲ್ಲ. ಬಸ್ಸಿನಲ್ಲಿ ಪಕ್ಕದವರು ನಿಟ್ಟುಸಿರು ಬಿಟ್ಟಿಲ್ಲ. ನನ್ನ ತಂಗಿ ದಪ್ಪ. ಅವಳು ಯಾವ ಹೊಸ ಜಾಗಕ್ಕೆ ಹೋದರೂ ಮೊದಲು ನೋಡುವುದು ಕುರ್ಚಿಗೆ ಕೈ ಇದೆಯಾ ಅಂತ. ಕೈ ಇದ್ದರೆ ತೊಡೆ ಒತ್ತುತ್ತದೆ, ಅವಳು ನಿಂತೇ ಇರುತ್ತಾಳೆ. "ಕೂತು ಕೂತು ಸಾಕಾಯಿತು" ಅಂತ ನಗುತ್ತಾ ಹೇಳುತ್ತಾಳೆ. ಓದಿನಲ್ಲಿ ನನಗಿಂತ ಎಷ್ಟೋ ಮುಂದಿದ್ದಳು. ಇಂಟರ್‌ವ್ಯೂನಲ್ಲಿ "ಫೀಲ್ಡ್ ಕೆಲಸ ಆಗುತ್ತಾ ನಿಮಗೆ?" ಅಂತ ಅವಳನ್ನು ಕೇಳಿದರು. ನನ್ನನ್ನು ಕೇಳಲಿಲ್ಲ, ನನಗೆ ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತಿದ್ದರೂ.

ಅಂಕಿಅಂಶ

ಕಡ್ಡಿಮನುಷ್ಯ ಅವರು ಹೇಳಿದ ಇಂಟರ್‌ವ್ಯೂ ಥರದ ಭೇದ ಕೆಲವು ಕಡೆ ಕಾನೂನಿಗೆ ವಿರುದ್ಧ. ಅಮೆರಿಕದ ಮಿಶಿಗನ್ ರಾಜ್ಯದಲ್ಲಿ 1976ರ ಕಾನೂನಿನ ಪ್ರಕಾರ ತೂಕ, ಎತ್ತರ ನೋಡಿ ಕೆಲಸ ನಿರಾಕರಿಸುವಂತಿಲ್ಲ. ನ್ಯೂಯಾರ್ಕ್ ನಗರದಲ್ಲಿ 2023ರಲ್ಲಿ ಅಂಥ ನಿಯಮ ಬಂತು. ಜಗತ್ತಿನ ಹೆಚ್ಚಿನ ಕಡೆ ಏನೂ ಇಲ್ಲ.

ಮನಸ್ಸಿನೊಳಗಿನದ್ದೂ ನಿಧಾನಕ್ಕೇ ಬದಲಾಗುತ್ತಿದೆ. 2007ರಿಂದ 2016ರವರೆಗೆ ಲಕ್ಷಾಂತರ ಜನ ಬರೆದ ಆನ್‌ಲೈನ್ ಪರೀಕ್ಷೆಗಳನ್ನು ಹಾರ್ವರ್ಡ್ ಸಂಶೋಧಕರು ನೋಡಿದರು. ಬಣ್ಣದ ಬಗ್ಗೆ, ಸಲಿಂಗಿಗಳ ಬಗ್ಗೆ ಒಳಮನಸ್ಸಿನಲ್ಲಿದ್ದ ತಾತ್ಸಾರ ಇಳಿದಿತ್ತು. ದಪ್ಪ ಮೈ ಬಗ್ಗೆ ಇದ್ದದ್ದು ಇಳಿಯುವ ಬದಲು ಸ್ವಲ್ಪ ಏರಿತ್ತು.

ಅಳತೆಟೇಪು

ನಾನು ಬಟ್ಟೆ ಹೊಲಿಯುವವಳು. ಓದಿದ್ದು ಕಡಿಮೆ, ತಪ್ಪಿದ್ದರೆ ತಿದ್ದಿ.

ಟೇಪು ಸೊಂಟಕ್ಕೆ ಸುತ್ತಿದ ಕೂಡಲೇ ಹೆಂಗಸರು ಉಸಿರು ಒಳಗೆಳೆದುಕೊಳ್ಳುತ್ತಾರೆ. ಎಲ್ಲರೂ. ಇಪ್ಪತ್ತರವರು, ಅರವತ್ತರವರು, ತೆಳ್ಳಗಿರುವವರು ಕೂಡ. ಆ ಅಳತೆಗೆ ಹೊಲಿದರೆ ಮನೆಗೆ ಹೋಗಿ ಉಸಿರು ಬಿಟ್ಟಾಗ ಬಟ್ಟೆ ಬಿಗಿಯುತ್ತದೆ. ಅದಕ್ಕೇ ನಾನು ಏನೋ ಒಂದು ಮಾತು ತೆಗೆಯುತ್ತೇನೆ. ಮಕ್ಕಳು ಎಷ್ಟನೇ ಕ್ಲಾಸು, ಬಸ್ಸು ಬೇಗ ಸಿಕ್ಕಿತಾ, ಹೀಗೆ. ಉತ್ತರ ಹೇಳಲು ಉಸಿರು ಬಿಡಲೇಬೇಕು. ಆಗ ಅಳತೆ ತೆಗೆದುಕೊಳ್ಳುತ್ತೇನೆ. ಸಂಖ್ಯೆಯನ್ನು ಜೋರಾಗಿ ಹೇಳುವುದಿಲ್ಲ, ಸುಮ್ಮನೆ ಬರೆದುಕೊಳ್ಳುತ್ತೇನೆ.

"ಸ್ವಲ್ಪ ಬಿಗಿಯಾಗೇ ಇಡಿ, ಇಳಿಸಿಕೊಳ್ತೀನಿ" ಅನ್ನುವವರು ತುಂಬಾ ಜನ. ಬೇಡಮ್ಮಾ ಅನ್ನುತ್ತೇನೆ. ಇವತ್ತಿನ ಮೈಗೆ ಇವತ್ತಿನ ಬಟ್ಟೆ. ಒಳಗೆ ಮಾರ್ಜಿನ್ ಬಿಟ್ಟಿರುತ್ತೇನೆ, ಬೇಕಾದಾಗ ಬಿಚ್ಚಿ ಸರಿ ಮಾಡಬಹುದು. ರೆಡಿಮೇಡ್ ಅಂಗಡಿಯಲ್ಲಿ ಒಂದು ಕಂಪನಿಯ ಲಾರ್ಜ್ ಇನ್ನೊಂದು ಕಂಪನಿಯ ಮೀಡಿಯಂ. ಆ ಚೀಟಿ ನೋಡಿ ಅಳುವವರನ್ನು ಕಂಡಿದ್ದೇನೆ. ಬಟ್ಟೆ ಮೈಗೆ ಸರಿಹೋಗಬೇಕು, ಮೈ ಬಟ್ಟೆಗೆ ಸರಿಹೋಗುವುದಲ್ಲ.

ಸಂಜೆಮಲ್ಲಿಗೆ ಅಕ್ಕ, ನಿಮ್ಮ ಮಗಳಿಗೆ ಕುತ್ತಿಗೆಪಟ್ಟಿ, ಕಂಕುಳು, ಸೊಂಟ ಎಲ್ಲೂ ಹಿಡಿಯದ ಬಟ್ಟೆ ಕೊಡಿಸಿ. ದೊಗಲೆಯೂ ಬೇಡ. ಬಟ್ಟೆ ಕಚ್ಚುತ್ತಿದ್ದರೆ ಮಗುವಿಗೆ ದಿನವಿಡೀ ಮೈಯದ್ದೇ ನೆನಪು.

ಸಂಜೆಮಲ್ಲಿಗೆ

ಎಲ್ಲರ ಮಾತನ್ನೂ ಓದುತ್ತಿದ್ದೇನೆ. ಅಳತೆಟೇಪು ಅವರೇ, ನಿಮ್ಮ ಹತ್ತಿರ ಬಟ್ಟೆ ಹೊಲಿಸಿಕೊಳ್ಳುವವರು ಪುಣ್ಯವಂತರು.

ಹೊಂಗೆನೆರಳು ಹೇಳಿದಂತೆ ನಮ್ಮ ಅತ್ತೆಯ ಹತ್ತಿರ ಒಬ್ಬಳೇ ಕೂತು ಮಾತಾಡಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ನನಗೂ ಹಾಗೇ ಅನ್ನುತ್ತಿದ್ದರು. ನಮ್ಮ ಕಾಲದಲ್ಲಿ ಯಾರಿಗೆ ಹೇಳಿಕೊಳ್ಳೋದು?" ಅಂದರು. ಅಷ್ಟೇ. ಊಟಕ್ಕೆ ಬಡಿಸುವಾಗ ಈಗ ಏನೂ ಅನ್ನುತ್ತಿಲ್ಲ. ಮೈದುನನದ್ದು ಮಾತ್ರ ಇನ್ನೂ ತಮಾಷೆ ನಿಂತಿಲ್ಲ.

ಈಗ ಇನ್ನೊಂದು ಭಯ. ಅವಳು ಆಟದ ಪೀರಿಯಡ್ ತಪ್ಪಿಸುತ್ತಿದ್ದಾಳೆ. ಫೋನಿನಲ್ಲಿ ಡಯಟ್ ವಿಡಿಯೋ ನೋಡುತ್ತಿದ್ದಾಳೆ.

ಮೈದಾನದ_ಮೇಷ್ಟ್ರು

ಆಟದ ಪೀರಿಯಡ್ ಯಾಕೆ ತಪ್ಪಿಸುತ್ತಾಳೆ ಅಂತ ಊಹಿಸಬಲ್ಲೆ. ಟೀಮ್ ಆರಿಸುವಾಗ ಕೊನೆಗೆ ಉಳಿಯುವ ಮಕ್ಕಳನ್ನು ನೋಡಿದ್ದೀರಾ? ಒಬ್ಬೊಬ್ಬರನ್ನೇ ಕರೆಯುತ್ತಾ ಹೋಗುತ್ತಾರೆ, ಇವರು ಬೂಟಿನ ಲೇಸ್ ಕಟ್ಟುವಂತೆ ಬಗ್ಗಿ ಕೂತುಬಿಡುತ್ತಾರೆ. ಅದಕ್ಕೇ ನನ್ನ ಕ್ಲಾಸಿನಲ್ಲಿ ಟೀಮ್ ಪಟ್ಟಿ ನಾನೇ ಮೊದಲೇ ಬರೆದು ತರುತ್ತೇನೆ. ತಪ್ಪು ಮಾಡಿದವರಿಗೆ ಮೈದಾನ ಸುತ್ತು ಹೊಡೆಸುವ ಶಿಕ್ಷೆಯೂ ಇಲ್ಲ. ಓಟವನ್ನೇ ಶಿಕ್ಷೆ ಮಾಡಿದರೆ ಯಾವ ಮಗು ಅದನ್ನು ಇಷ್ಟಪಡುತ್ತದೆ ಹೇಳಿ.

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದು: 5ರಿಂದ 17 ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ, ದೊಡ್ಡವರಿಗೆ ವಾರಕ್ಕೆ 150ರಿಂದ 300 ನಿಮಿಷ ಮೈ ಬಳಸುವ ಚಟುವಟಿಕೆ. ಎಲ್ಲ ಗಾತ್ರದವರಿಗೂ ಒಂದೇ ಲೆಕ್ಕ. ತೂಕ ಒಂದಿಷ್ಟೂ ಇಳಿಯದಿದ್ದರೂ ಶುಗರ್, ಬಿಪಿ, ನಿದ್ರೆ, ಮನಸ್ಸು ಎಲ್ಲಕ್ಕೂ ಅದರಿಂದ ಒಳ್ಳೆಯದು. ಆದರೆ "ಇಳಿಯಲಿ" ಅಂತಲೇ ಓಡಿಸಿದರೆ, ಇಳಿಯದಿದ್ದ ದಿನ ಮಗು ಓಟವನ್ನೇ ಬಿಡುತ್ತದೆ. ದಿನಕ್ಕೆ 10,000 ಹೆಜ್ಜೆ ಅಂತ ಹಿಂದೆ ಬೀಳುವವರಿಗೂ ಒಂದು ವಿಷಯ: ಆ ಸಂಖ್ಯೆ ಬಂದದ್ದು 1965ರಲ್ಲಿ ಜಪಾನಿನ ಕಂಪನಿಯೊಂದು ಮಾರಿದ ಹೆಜ್ಜೆ ಎಣಿಸುವ ಯಂತ್ರದ ಹೆಸರಿನಿಂದ. ಅದಕ್ಕಿಂತ ಎಷ್ಟೋ ಕಡಿಮೆ ನಡೆದರೂ ಲಾಭ ಇದ್ದೇ ಇದೆ.

ನಿಮ್ಮ ಮಗಳಿಗೆ ಯಾವುದು ಇಷ್ಟ ಕೇಳಿ. ಈಜು, ಕುಣಿತ, ಸೈಕಲ್, ಗುಂಡು ಎಸೆತ. ಗುಂಡು ಎಸೆತದಲ್ಲಿ ಮೈತೂಕ ಬಲವೇ ಆಗುತ್ತದೆ. ಮೈದಾನದಲ್ಲಿ ಅಂಥ ಮಕ್ಕಳ ಮುಖ ಅರಳುವುದನ್ನು ನೋಡಿದ್ದೇನೆ. ಆಟದ ಮೇಷ್ಟ್ರ ಹತ್ತಿರವೂ ಒಮ್ಮೆ ಮಾತಾಡಿ.

ರೀಲ್ಸ್_ಬಿಟ್ಟವಳು

ನನಗೆ ಇಪ್ಪತ್ತೊಂದು. ಫೋನಿನ ವಿಷಯ ನಾನು ಹೇಳುತ್ತೇನೆ ಆಂಟಿ.

ಒಂದು ಡಯಟ್ ವಿಡಿಯೋ ಪೂರ್ತಿ ನೋಡಿದರೆ ಸಾಕು, ಆಮೇಲೆ ಬರುವುದೆಲ್ಲ ಅದೇ. "ದಿನವಿಡೀ ನಾನು ತಿಂದದ್ದು" ಅಂತ ಶುರುವಾಗಿ ಮೊದಲು ಸಪಾಟು ಹೊಟ್ಟೆಯನ್ನೇ ತೋರಿಸುತ್ತಾರೆ. 2021ರಲ್ಲಿ ಹೊರಬಂದ ಒಳಗಿನ ಕಾಗದಪತ್ರಗಳಲ್ಲಿ, ಹದಿಹರೆಯದ ಮೂವರು ಹುಡುಗಿಯರಲ್ಲಿ ಒಬ್ಬಳಿಗೆ ಮೈ ಬಗೆಗಿನ ಬೇಸರವನ್ನು ನಾವು ಹೆಚ್ಚಿಸುತ್ತೇವೆ ಅಂತ ಇನ್‌ಸ್ಟಾಗ್ರಾಂನವರೇ ಬರೆದುಕೊಂಡಿದ್ದರು. ಟಿವಿ ಕಾಲದಲ್ಲೂ ಹೀಗೇ ಆಗಿತ್ತು. ಫಿಜಿಯ ಒಂದು ಪ್ರದೇಶಕ್ಕೆ 1995ರಲ್ಲಿ ಟಿವಿ ಬಂತು. ಆಗ ತೂಕ ಇಳಿಸಲು ವಾಂತಿ ಮಾಡಿಕೊಳ್ಳುತ್ತೇನೆ ಅಂದ ಶಾಲಾ ಹುಡುಗಿ ಒಬ್ಬಳೂ ಇರಲಿಲ್ಲ. 1998ರಲ್ಲಿ ಶೇಕಡ 11ರಷ್ಟು ಹುಡುಗಿಯರು ಹೌದು ಅಂದರು. ಮೂರೇ ವರ್ಷ.

ಅವಳ ಫೋನ್ ಕಿತ್ತುಕೊಳ್ಳಬೇಡಿ, ಕದ್ದು ನೋಡುತ್ತಾಳೆ. ಪಕ್ಕದಲ್ಲಿ ಕೂತು "ನಾಟ್ ಇಂಟರೆಸ್ಟೆಡ್" ಒತ್ತಿಸಿ, ಆ ಖಾತೆಗಳನ್ನು ತೆಗೆಸಿ. ಕ್ಯಾಲೊರಿ ಎಣಿಸುವ ಆ್ಯಪ್ ಇದ್ದರೆ ಅಳಿಸಿ. ಹಾಸ್ಟೆಲಿನಲ್ಲಿ ನನ್ನ ರೂಮಿನವಳು ಒಂದೊಂದು ತುತ್ತನ್ನೂ ಅದರಲ್ಲಿ ಬರೆಯುತ್ತಿದ್ದಳು. ತಲೆಸುತ್ತು, ಕೂದಲು ಉದುರುವುದು, ಮುಟ್ಟು ನಿಂತದ್ದು. ನೋಡಲು ಅವಳು ದಪ್ಪಗೇ ಇದ್ದಳು, ಹಾಗಾಗಿ ಯಾರಿಗೂ ಅನುಮಾನ ಬರಲಿಲ್ಲ. ಬದಲಿಗೆ ಭೇಷ್ ಅಂದರು.

ವಾರ್ಡ್_ಸಿಸ್ಟರ್

ಈ ಹುಡುಗಿ ಹೇಳಿದ್ದು ತುಂಬಾ ಮುಖ್ಯ. ಊಟ ಬಿಟ್ಟು ಮೈ ಇಳಿಸುವ ಕಾಯಿಲೆ (ಅನೊರೆಕ್ಸಿಯಾ) ಅಂದರೆ ಮೂಳೆ ಕಾಣಲೇಬೇಕು ಅಂತಿಲ್ಲ. ದಪ್ಪಗಿದ್ದೂ ಊಟ ಬಿಟ್ಟು ಬೇಗ ಇಳಿಸಿಕೊಂಡವರಲ್ಲಿ ನಾಡಿ ನಿಧಾನವಾಗುವುದು, ರಕ್ತದಲ್ಲಿ ಲವಣ ಏರುಪೇರಾಗುವುದು ಅಷ್ಟೇ ಅಪಾಯ. 2013ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿ ಇದನ್ನೂ ಸೇರಿಸಿತು. ಊಟವಾದ ಕೂಡಲೇ ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟುಕೊಂಡಿರುವುದು, ಎಲ್ಲರ ಜೊತೆ ಊಟಕ್ಕೆ ಕೂರದಿರುವುದು, ತಲೆ ತಿರುಗಿ ಬೀಳುವುದು ಕಂಡರೆ ಕಾಯಬೇಡಿ. ಡಾಕ್ಟರ ಹತ್ತಿರ ಹೋಗಿ, ಜೊತೆಗೆ ಮನಸ್ಸಿನ ಡಾಕ್ಟರನ್ನೂ ಕಾಣಿ. ಗಂಡುಮಕ್ಕಳಿಗೂ ಬರುತ್ತದೆ. ಅವರಲ್ಲಿ ಎಷ್ಟೋ ಸಲ ಅದು ಜಿಮ್ಮಿನ ರೂಪದಲ್ಲಿರುತ್ತದೆ.

ಕಡ್ಡಿಮನುಷ್ಯ

ತಂಗಿ ಈಗ ತೂಕ ಇಳಿಸಲು ವಾರಕ್ಕೊಂದು ಇಂಜೆಕ್ಷನ್ ತೆಗೆದುಕೊಳ್ಳುವ ಯೋಚನೆಯಲ್ಲಿದ್ದಾಳೆ. ಸಿಸ್ಟರ್, ಏನನ್ನುತ್ತೀರಿ?

ವಾರ್ಡ್_ಸಿಸ್ಟರ್

ಸೆಮಾಗ್ಲುಟೈಡ್ ಥರದ್ದು ಅಲ್ವಾ? ಅಮೆರಿಕದಲ್ಲಿ 2017ರಲ್ಲಿ ಶುಗರ್‌ಗೆ, 2021ರಲ್ಲಿ ತೂಕಕ್ಕೆ ಅಂತ ಒಪ್ಪಿಗೆ ಸಿಕ್ಕಿದ ಔಷಧ. ಕೆಲಸ ಮಾಡುತ್ತದೆ. ಆದರೆ ನಿಲ್ಲಿಸಿ ಒಂದು ವರ್ಷಕ್ಕೆ, ಇಳಿದದ್ದರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ವಾಪಸ್ ಬಂದದ್ದು ಅಧ್ಯಯನದಲ್ಲಿ ಕಂಡಿದೆ. ವಾಕರಿಕೆ, ಭೇದಿ ಸಾಮಾನ್ಯ. ಅವಳ ಡಾಕ್ಟರ ಜೊತೆ ಕೂತು ನಿರ್ಧರಿಸಲಿ. ತೆಗೆದುಕೊಂಡರೂ ಅವಮಾನ ಅಲ್ಲ, ಬೇಡ ಅಂದರೂ ಅಲ್ಲ. ಆನ್‌ಲೈನಿನಲ್ಲಿ ಬರುವ ಪುಡಿ, ಮಾತ್ರೆ ಮಾತ್ರ ಮುಟ್ಟಬಾರದು. 1930ರ ದಶಕದಲ್ಲಿ ಡೈನೈಟ್ರೋಫಿನಾಲ್ ಅನ್ನುವ ತೂಕದ ಮಾತ್ರೆ ಕಣ್ಣಿಗೆ ಪೊರೆ ತಂದಿತು, ಜೀವವನ್ನೂ ತೆಗೆಯಿತು. ಅದನ್ನು ಇವತ್ತಿಗೂ ಕದ್ದು ಮಾರುವವರಿದ್ದಾರೆ.

ನೇರಮಾತು

ಕೆಲವು ಮಾತಿಗೆ ನನ್ನ ಒಪ್ಪಿಗೆ ಇಲ್ಲ. ನಮ್ಮ ಮನೆಯ ಶುಗರ್ ನನ್ನ ಮಕ್ಕಳಿಗೆ ಬರಬಾರದು ಅನ್ನುವುದು ನನ್ನ ಹಟ, ಅದನ್ನು ಬಿಡುವುದಿಲ್ಲ. ಆದರೆ ಒಂದು ಪ್ರಾಮಾಣಿಕ ಪ್ರಶ್ನೆ. ಮಗು ನೇರವಾಗಿ "ಅಪ್ಪಾ, ನಾನು ದಪ್ಪ ಇದ್ದೀನಾ?" ಅಂತ ಕೇಳಿದರೆ ಏನು ಹೇಳಬೇಕು? ಸುಳ್ಳು ಹೇಳಲು ನನಗೆ ಆಗುವುದಿಲ್ಲ.

ಹೊಂಗೆನೆರಳು

ಸುಳ್ಳು ಹೇಳಬೇಡಿ. "ಛೇ, ಇಲ್ಲಪ್ಪ, ನೀನು ಚೆಂದ ಇದ್ದೀಯ" ಅಂದರೆ ದಪ್ಪ ಇದ್ದರೆ ಚೆಂದ ಇಲ್ಲ ಅಂತ ನೀವೇ ಕಲಿಸಿದಂತಾಯಿತು. ಮೊದಲು ಕೇಳಿ: "ಯಾರಾದರೂ ಏನಾದರೂ ಅಂದರಾ?" ಮುಕ್ಕಾಲು ಸಲ ಆ ಪ್ರಶ್ನೆಯ ಹಿಂದೆ ಒಂದು ಘಟನೆ ಇರುತ್ತದೆ. ಅದು ಹೊರಗೆ ಬರಲಿ. ಆಮೇಲೆ ಹೇಳಿ: "ನಿನ್ನ ಮೈ ಕೆಲವರಿಗಿಂತ ದೊಡ್ಡದು, ಕೆಲವರಿಗಿಂತ ಚಿಕ್ಕದು. ಆಡಿಕೊಂಡದ್ದು ಅವರ ತಪ್ಪು, ನಿನ್ನ ಮೈಯದ್ದಲ್ಲ."

ಈ ವಯಸ್ಸಿನಲ್ಲಿ ಉದ್ದವಾಗುವ ಮೊದಲು ಅಗಲವಾಗುವ ಮಕ್ಕಳು ತುಂಬಾ. ಹುಡುಗಿಯರಿಗೆ ಮೈನೆರೆಯುವ ಹೊತ್ತಿಗೆ ಸೊಂಟ, ತೊಡೆ, ಹೊಟ್ಟೆ ತುಂಬಿಕೊಳ್ಳುವುದು ಬೆಳವಣಿಗೆಯೇ. ಬೆಳೆಯುವ ಮಗುವಿಗೆ ಡಯಟ್ ಮಾಡಿಸಬಾರದು.

ನಿಮ್ಮ ಶುಗರ್ ಹಟಕ್ಕೂ ದಾರಿ ಇದೆ. ಒಬ್ಬ ಮಗುವಿಗೆ ಬೇರೆ ತಟ್ಟೆ ಮಾಡಬೇಡಿ. ಏನು ಬದಲಾಯಿಸಿದರೂ ಇಡೀ ಮನೆಗೆ ಬದಲಾಯಿಸಿ. ಒಟ್ಟಿಗೆ ಕೂತು ಉಣ್ಣಿ, ಸಂಜೆ ಒಟ್ಟಿಗೆ ನಡೆಯಿರಿ, ಹೊತ್ತಿಗೆ ಸರಿಯಾಗಿ ಮಲಗಿ. ಯಾಕೆ ಅಂತ ಕೇಳಿದರೆ "ನಮ್ಮ ಕುಟುಂಬದಲ್ಲಿ ಶುಗರ್ ಇದೆ, ಅದಕ್ಕೆ" ಅನ್ನಿ. ಅದು ನಿಜ, ಮಗುವಿಗೆ ಅದರಲ್ಲಿ ಅವಮಾನವೂ ಇಲ್ಲ.

ಸಂಜೆಮಲ್ಲಿಗೆ

ಮುಂದಿನ ವಾರ ಅವಳಿಗೆ ಲಸಿಕೆ ಹಾಕಿಸಬೇಕು. ತೂಕ ನೋಡಿಯೇ ನೋಡುತ್ತಾರೆ. ಡಾಕ್ಟರಿಗೆ ಹೇಗೆ ಹೇಳುವುದು?

ವಾರ್ಡ್_ಸಿಸ್ಟರ್

ಒಂದು ಚೀಟಿಯಲ್ಲಿ ಮೊದಲೇ ಬರೆದುಕೊಂಡು ಹೋಗಿ: "ಮಗಳ ಎದುರು ತೂಕದ ಬಗ್ಗೆ ಮಾತಾಡಬೇಡಿ. ಹೇಳುವುದಿದ್ದರೆ ನನ್ನೊಬ್ಬಳಿಗೆ ಹೇಳಿ." ಹೆಸರು ಬರೆಸುವಾಗಲೇ ಅದನ್ನು ಕೊಟ್ಟುಬಿಡಿ. ಮಷಿನ್ ಮೇಲೆ ಅಂಕಿ ಕಾಣದ ಹಾಗೆ ಅವಳನ್ನು ಹಿಂದೆ ತಿರುಗಿಸಿ ನಿಲ್ಲಿಸಬಹುದು, ಕೇಳಿದರೆ ನಾವು ಮಾಡುತ್ತೇವೆ. ಒಂದು ದಿನದ ತೂಕಕ್ಕಿಂತ, ಕೆಲವು ವರ್ಷಗಳ ಎತ್ತರ ತೂಕದ ಗೆರೆ ಹೇಗೆ ಸಾಗಿದೆ ಅನ್ನುವುದು ಮುಖ್ಯ. ಹಳೆಯ ಲಸಿಕೆ ಕಾರ್ಡಿನಲ್ಲಿ ಆ ಲೆಕ್ಕ ಇರುತ್ತದೆ, ಮರೆಯದೆ ತೆಗೆದುಕೊಂಡು ಹೋಗಿ. ಡಾಕ್ಟರು ಮಾತು ಶುರು ಮಾಡಿಯೇ ಬಿಟ್ಟರೆ, "ಅವಳು ಹೊರಗೆ ಕೂತಿರಲಿ ಡಾಕ್ಟ್ರೇ, ಆಮೇಲೆ ಮಾತಾಡೋಣ" ಅನ್ನಿ. ಒಳ್ಳೆಯ ಡಾಕ್ಟರು ಬೇಜಾರು ಮಾಡಿಕೊಳ್ಳುವುದಿಲ್ಲ.